ಸೂಜಿ ಹಾಕಿ, ಹತ್ತು ನಿಮಿಷ ಕಾಯಿರಿ

ದನದ ಡಾಕ್ಟರಾದ ನನಗೆ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಟ್ಟಿಗೆಯ ಮಾಮೂಲಿ ಕೆಲಸಗಳ ಬಗ್ಗೆಯೇ ಇವೆ. ಕೊಂಬು ಸುಡುವುದು, ಹೋರಿಯ ಬೀಜ (ವೃಷಣ) ಒಡೆಯುವುದು, ಗೊರಸು ಕತ್ತರಿಸುವುದು. ಮಾಮೂಲಿ ಕೆಲಸ ಅಂದುಕೊಂಡಿದ್ದಕ್ಕೇ ಅದರಲ್ಲಿರುವ ನೋವಿನ ಬಗ್ಗೆ ನಾವು ಮಾತಾಡುವುದು ಕಡಿಮೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಇಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಆದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ನಾವು ಗದಗ ಕಡೆಯವರು. ಯಜಮಾನರಿಗೆ ಹಡಪ್ಸರದಲ್ಲಿ ಕೆಲಸ. ಉರುಳಿ ಕಾಂಚನ್ ಹತ್ತಿರ ಸ್ವಲ್ಪ ಜಾಗ ತಗೊಂಡು ಆರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಆಕಳು ಕಟ್ಟಿದ್ದೇವೆ. ಮೂರು ವಾರದ ಎರಡು ಹೆಣ್ಣು ಕರು ಇವೆ. ಕೊಂಬು ಬರದಂತೆ ಸುಡಿಸಬೇಕು. ಪಕ್ಕದ ಗೋಠೆಯವರು (ಕೊಟ್ಟಿಗೆಯವರು), ‘ಎರಡು ನಿಮಿಷದ ಕೆಲಸ, ನಾಲ್ಕು ಜನ ಗಟ್ಟಿಯಾಗಿ ಹಿಡಿದರೆ ಆಯ್ತು’ ಅನ್ನುತ್ತಾರೆ. ಮರಗಟ್ಟುವ ಇಂಜೆಕ್ಷನ್ ಕೊಡಿಸಲೇಬೇಕಾ? (ಓದುಗರು, ಪುಣೆ)

ಉತ್ತರ: ಕೊಡಿಸಲೇಬೇಕು ತಂಗಿ. ಮೂರು ವಾರದ ಕರುವನ್ನು ಒಬ್ಬ ಹೆಣ್ಣುಮಗಳು ತೊಡೆಗೆ ಒತ್ತಿಕೊಂಡು ಹಿಡಿಯಬಹುದು. ಅದಕ್ಕೆ ನಾಲ್ಕು ಗಂಡಸರು ಬೇಕು ಅಂದರೆ ಆ ನೋವು ಎಂಥದ್ದಿರಬೇಕು, ಯೋಚಿಸಿ ನೋಡಿ.

ವಯಸ್ಸು ಸರಿಯಾಗಿದೆ, ಮುಂದೂಡಬೇಡಿ. ಸುಮಾರು ಎರಡು ತಿಂಗಳವರೆಗೆ ಕೊಂಬಿನ ಮೊಳಕೆ ಚರ್ಮದಲ್ಲೇ ಇರುತ್ತದೆ. ಬೆರಳಿಟ್ಟು ನೋಡಿ, ಅಂಗಿ ಗುಂಡಿಯ ಹಾಗೆ ಅತ್ತಿತ್ತ ಜಾರುತ್ತದೆ. ಆಮೇಲೆ ಅದು ತಲೆಬುರುಡೆಗೆ ಕಚ್ಚಿಕೊಳ್ಳುತ್ತದೆ. ಇನ್ನೂ ದೊಡ್ಡದಾದರೆ ಹಣೆಯೊಳಗಿನ ಗಾಳಿಗೂಡು ಕೊಂಬಿನ ಒಳಕ್ಕೂ ಹಬ್ಬುತ್ತದೆ. ಆಗ ಬುಡದಲ್ಲಿ ಕತ್ತರಿಸಿದರೆ ತಲೆಯೊಳಕ್ಕೇ ತೂತು ಬಿದ್ದ ಹಾಗೆ. ಆ ಗಾಯ ವಾರಗಟ್ಟಲೆ ಕಾಡುತ್ತದೆ.

ಕೊಂಬಿನ ಬುಡದ ನೋವನ್ನು ಹೊತ್ತೊಯ್ಯುವ ಒಂದು ನರ ಇದೆ. ಕರುವಿನ ಕಣ್ಣಿನ ಹೊರ ಮೂಲೆಯಿಂದ ಮೊಳಕೆಯ ಕಡೆಗೆ ಬೆರಳು ಎಳೆದರೆ ಎಲುಬಿನ ಒಂದು ಏಣು ಸಿಗುತ್ತದೆ. ನರ ಓಡುವುದು ಅದರ ಕೆಳಗೆ. ಕಣ್ಣಿಗೂ ಮೊಳಕೆಗೂ ನಡುಮಧ್ಯೆ, ಆ ಏಣಿನ ಕೆಳಗೆ, ಮರಗಟ್ಟಿಸುವ ಔಷಧ, 2 ಪರ್ಸೆಂಟ್ ಲಿಗ್ನೋಕೇನ್, ಹಾಕುತ್ತೇವೆ. ಒಂದೊಂದು ಬದಿಗೆ 3ರಿಂದ 5 ಎಂಎಲ್. ಹಲ್ಲು ಕೀಳುವಾಗ ನಮ್ಮ ವಸಡಿಗೂ ಇದೇ ಔಷಧ ಹಾಕುತ್ತಾರೆ. ಎರಡೂ ಬದಿಗೆ ಸೇರಿ ಆಗುವ ಖರ್ಚು ಎರಡು ಕಪ್ ಚಹಾದ ದುಡ್ಡಿನೊಳಗೆ.

ಇದಾದ ಮೇಲಿನ ಹತ್ತು ನಿಮಿಷದಲ್ಲೇ ಎಲ್ಲರೂ ತಪ್ಪುವುದು. ಔಷಧ ನರಕ್ಕೆ ಇಳಿಯಲು ಹೊತ್ತು ಬೇಕು. ಸೂಜಿ ತೆಗೆದ ಕೈಯಲ್ಲೇ ಕಾದ ಕಬ್ಬಿಣ ಹಿಡಿದರೆ ಸೂಜಿ ಹಾಕಿದ್ದೂ ದಂಡ. ಡಾಕ್ಟರಿಗೆ ಇನ್ನೂ ಮೂರು ಕೊಟ್ಟಿಗೆ ಬಾಕಿ ಇರುತ್ತದೆ, ನಿಮಗೆ ಹಾಲಿನ ಹೊತ್ತು, ಯಾರಿಗೂ ಕಾಯುವ ವ್ಯವಧಾನ ಇರುವುದಿಲ್ಲ. ನೀವು ಕಾಯಿರಿ. ಡಾಕ್ಟರಿಗೆ ಒಂದು ಕುರ್ಚಿ ಹಾಕಿ, ಚಹಾ ಕೊಡಿ. ಎರಡೂ ಕರುವಿಗೆ ಒಟ್ಟಿಗೇ ಸೂಜಿ ಹಾಕಿಸಿಬಿಟ್ಟರೆ ಒಂದೇ ಕಾಯುವಿಕೆಯಲ್ಲಿ ಎರಡರ ಕೆಲಸ ಮುಗಿಯುತ್ತದೆ. ಆಮೇಲೆ ಮೊಳಕೆಯ ಸುತ್ತ ಸೂಜಿ ಮೊನೆಯಿಂದ ಮೆಲ್ಲಗೆ ಚುಚ್ಚಿ ನೋಡಲು ಹೇಳಿ. ಕರು ತಲೆ ಎಳೆದುಕೊಂಡರೆ ಇನ್ನೂ ಮರಗಟ್ಟಿಲ್ಲ. ಕೆಲವು ಕರುಗಳ ಮೇಲಿನ ರೆಪ್ಪೆ ಸ್ವಲ್ಪ ಜೋತುಬೀಳುತ್ತದೆ. ಹೆದರಬೇಡಿ, ಔಷಧ ಕೆಲಸ ಮಾಡುತ್ತಿರುವುದರ ಗುರುತು ಅದು. ಸಂಜೆಯೊಳಗೆ ಸರಿಹೋಗುತ್ತದೆ.

ಲಿಗ್ನೋಕೇನ್ ಒಂದು, ಹೆಚ್ಚೆಂದರೆ ಎರಡು ಗಂಟೆ ನಿಲ್ಲುತ್ತದೆ. ಸುಟ್ಟ ಗಾಯದ ನೋವು ಅಷ್ಟರಲ್ಲಿ ಮುಗಿಯುವುದಿಲ್ಲ, ಅಲ್ವಾ? ಡಾಕ್ಟರು ಹೋದ ಮೇಲೆ, ನೀವು ಬೇರೆ ಕೆಲಸದಲ್ಲಿರುವಾಗ, ಕರುವಿಗೆ ನಿಜವಾದ ಉರಿ ಶುರುವಾಗುತ್ತದೆ. ಅದಕ್ಕೇ ಸುಡುವ ಮುಂಚೆಯೇ ನೋವು ತಗ್ಗಿಸುವ ಮೆಲಾಕ್ಸಿಕ್ಯಾಮ್ ಇಂಜೆಕ್ಷನ್ ಕೂಡ ಕೊಡಿಸಿ. ಕೆಜಿಗೆ ಅರ್ಧ ಮಿಲಿಗ್ರಾಂ ಲೆಕ್ಕ. 40 ಕೆಜಿ ಕರುವಿಗೆ 20 ಮಿಲಿಗ್ರಾಂ. ದನಗಳ ಮೈಯಲ್ಲಿ ಇದು ನಿಧಾನವಾಗಿ ಕರಗುತ್ತದೆ. ಒಂದು ಸಲ ಕೊಟ್ಟರೆ ಒಂದು ದಿನ ಆಸರೆ ಇರುತ್ತದೆ.

ನಿಮ್ಮ ಪತ್ರ ಓದುವಾಗ ಒಂದು ಹಳೆಯ ಸಂಜೆ ನೆನಪಾಯಿತು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದು ಮುಗಿಸಿ, ಮದುವೆಯಾಗಿ ಪುಣೆಗೆ ಬಂದ ಹೊಸತು. ಭೀಮಾ ನದಿ ಕಡೆಯ ಒಂದು ವಸ್ತಿಯಲ್ಲಿ (ಕೆಲವೇ ಮನೆಗಳ ಹಳ್ಳಿಯಲ್ಲಿ) ಮೂರು ಕರುಗಳ ಕೊಂಬು ಸುಟ್ಟೆ. ಏನೂ ಮರಗಟ್ಟಿಸದೆ ಸುಟ್ಟೆ. ಕೆಲಸ ಕಲಿಸಿದವರು ಹಾಗೇ ಕಲಿಸಿದ್ದರು. ಮರುದಿನ ಬೇರೆ ಕೆಲಸಕ್ಕೆ ಅದೇ ಮನೆಗೆ ಹೋದರೆ ಒಂದು ಕರು ಗೋಡೆಯ ಮೂಲೆಗೆ ತಲೆ ಹಚ್ಚಿ ನಿಂತಿತ್ತು. ಕಿವಿ ಎರಡೂ ಹಿಂದಕ್ಕೆ ಬಿದ್ದಿದ್ದವು. ಮುಂದೆ ಬಕೆಟ್ಟಿನಲ್ಲಿ ಬೆಳಗಿನ ಹಾಲು ಕೆನೆಗಟ್ಟಿ ಹಾಗೇ ಇತ್ತು. ಸ್ವಲ್ಪ ಹೊತ್ತಿಗೊಮ್ಮೆ ಹಿಂಗಾಲು ಎತ್ತಿ ತಲೆ ಕೆರೆದುಕೊಳ್ಳಲು ಹೋಗುತ್ತಿತ್ತು. ಗಾಯದ ಹತ್ತಿರ ಬಂದ ಕೂಡಲೇ ಕಾಲು ಇಳಿಸುತ್ತಿತ್ತು. ಆ ಮನೆಯ ಅಜ್ಜಿ ಸೆರಗಿನಿಂದ ನೊಣ ಓಡಿಸುತ್ತಾ ಕೂತಿದ್ದರು. ನನ್ನನ್ನು ನೋಡಿ ಮರಾಠಿಯಲ್ಲಿ ಕೇಳಿದ್ದು ಒಂದೇ ಮಾತು: ‘ಬಾಯೀ, ಇದಕ್ಕೆ ಸೂಜಿ ಇರಲಿಲ್ವಾ?’

ಸೂಜಿ ಇತ್ತು. ಔಷಧವೂ ನನ್ನ ಚೀಲದಲ್ಲೇ ಇತ್ತು. ಆ ದಿನದಿಂದ ಇವತ್ತಿನವರೆಗೆ ಮರಗಟ್ಟಿಸದೆ ಒಂದು ಕೊಂಬನ್ನೂ ಮುಟ್ಟಿಲ್ಲ. ಈಗ ಕಬ್ಬಿಣ ಇಟ್ಟು, ಮೊಳಕೆಯ ಸುತ್ತ ತಾಮ್ರದ ಬಣ್ಣದ ಉಂಗುರ ಮೂಡುವ ತನಕ ತಿರುಗಿಸಿ ತೆಗೆದರೂ ಕರು ನನ್ನ ಮೊಣಕೈ ನೆಕ್ಕುತ್ತಾ ನಿಲ್ಲುತ್ತದೆ. ಕೂದಲು ಸುಟ್ಟ ವಾಸನೆಗೆ ಮೂಗು ಸಿಂಡರಿಸುವವರು ನಾವು ಮಾತ್ರ. ಕೆಳಗಿಳಿಸಿದ ಕೂಡಲೇ ಹಾಲಿನ ಬಕೆಟ್ಟಿಗೆ ಓಡುತ್ತದೆ.

ಹಚ್ಚುವ ಮುಲಾಮಿನ ಬಗ್ಗೆ ಕೆಲವರು ಹೇಳಬಹುದು. ಅದು ಸುಡುಕ್ಷಾರ. ಹೊಗೆ ಇಲ್ಲ, ಸದ್ದಿಲ್ಲ, ಆದರೆ ಗಂಟೆಗಟ್ಟಲೆ ಒಳಗೊಳಗೇ ಸುಡುತ್ತಿರುತ್ತದೆ. ಮಳೆ ಬಿದ್ದರೆ ಕಣ್ಣಿಗೆ ಇಳಿಯುತ್ತದೆ, ತಾಯಿಯ ಕೆಚ್ಚಲಿಗೂ ಹತ್ತುತ್ತದೆ. ನೋವಿಲ್ಲದ ದಾರಿ ಎಂದು ಅದನ್ನು ಆರಿಸಬೇಡಿ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತ, ವಯಸ್ಸು 74. ಬಾಲ್ಯವೆಲ್ಲ ಹಾವೇರಿ ಹತ್ತಿರದ ಹಳ್ಳಿಯಲ್ಲಿ. ಆ ಕಾಲದ ದನದ ಡಾಕ್ಟರು ಏನೂ ಕೊಡುತ್ತಿರಲಿಲ್ಲ. ಹಗ್ಗ ಹಾಕಿ ಕೆಡವಿ ಕೆಲಸ ಮುಗಿಸುತ್ತಿದ್ದರು. ದನ ಎದ್ದು ಹೋಗಿ ಮೇವು ತಿನ್ನುತ್ತಿತ್ತು. ಈಗ ನಿಮ್ಮವರ ಅಭಿಪ್ರಾಯ ಬದಲಾಗಿದೆಯೋ, ಅಥವಾ ಇದು ಪೇಟೆಯವರ ಮಾತೋ? (ಓದುಗರು, ಮಾಟುಂಗ, ಮುಂಬೈ)

ಉತ್ತರ: ಬದಲಾಗಿದೆ ಹಿರಿಯರೇ. ನಿಮ್ಮೂರಿನ ಡಾಕ್ಟರು ಕಲ್ಲು ಮನಸ್ಸಿನವರೇನೂ ಆಗಿರಲಿಲ್ಲ. ನನಗೆ ಕಲಿಸಿದವರೂ ಅಷ್ಟೇ. ಅವರಿಗೆ ಹೇಳಿಕೊಟ್ಟದ್ದು ದನವನ್ನು ಹೇಗೆ ಹಿಡಿಯಬೇಕು, ಹೇಗೆ ಕೆಡವಬೇಕು ಎಂದು. ಅಲುಗಾಡದಿದ್ದರೆ ಕೆಲಸ ಸರಿಯಾಗಿ ಆಗುತ್ತದೆ ಎಂಬ ಲೆಕ್ಕ. ನಿಮ್ಮ ಮುಂಬೈಯಲ್ಲೇ, ಪರೇಲಿನಲ್ಲಿ, 1886ರಿಂದ ಪಶುವೈದ್ಯ ಕಾಲೇಜು ಇದೆ. ಅಷ್ಟು ಹಳೆಯ ವಿದ್ಯೆ ನಮ್ಮದು. ಆದರೆ ದನದ ನೋವನ್ನು ಅಳೆಯಬೇಕು ಎಂಬ ಮಾತು ಗಟ್ಟಿಯಾಗಿ ಕೇಳತೊಡಗಿದ್ದು ಬಹಳ ಈಚೆಗೆ.

ನಾವು ಕನ್ನಡದಲ್ಲಿ ಮೂಕ ಪ್ರಾಣಿ ಅನ್ನುತ್ತೇವೆ. ಇಲ್ಲಿ ಮರಾಠಿಯವರೂ ‘ಮುಕೇ ಜನಾವರ’ ಅನ್ನುತ್ತಾರೆ. ಮೂಕ ಅಂದಮೇಲೆ ಹೇಳಲು ಬರುವುದಿಲ್ಲ ಎಂದಷ್ಟೇ ಅರ್ಥ. ಆಕಳು, ಎಮ್ಮೆ, ಕುರಿ ಎಲ್ಲ ಹುಲಿ-ತೋಳಗಳಿಗೆ ಆಹಾರವಾಗಿ ಬಂದ ಜಾತಿಗಳು. ಹಿಂಡಿನಲ್ಲಿ ಕುಂಟುವುದನ್ನೇ ತೋಳ ಮೊದಲು ಹಿಡಿಯುತ್ತದೆ. ಹಾಗಾಗಿ ನೋವನ್ನು ಮುಚ್ಚಿಡುವುದು ಅವುಗಳ ರಕ್ತದಲ್ಲೇ ಇದೆ. ಹುಡುಕಿದರೆ ಕಾಣುತ್ತದೆ. ಮೆಲುಕು ನಿಲ್ಲಿಸುವುದು, ಹಲ್ಲು ಮಸೆಯುವುದು, ಸುಮ್ಮನೆ ಕಿವಿ ಬಡಿಯುವುದು, ಕಾಲು ಕುಟ್ಟುವುದು, ಮಲಗಿ ಎದ್ದು ಮಲಗಿ ಎದ್ದು ಮಾಡುವುದು. ಕೆಲವು ಬೊಂಬೆಯ ಹಾಗೆ ಅಲುಗದೆ ನಿಂತುಬಿಡುತ್ತವೆ. ಅದನ್ನು ನೋಡಿ ‘ಪಾಪ, ಸಾಧು ದನ’ ಅಂದುಬಿಡುತ್ತೇವೆ. ರಕ್ತ ಪರೀಕ್ಷೆ ಮಾಡಿದರೆ ಬೇರೆಯದೇ ಕಥೆ. ಕೊಂಬು ಸುಟ್ಟ ಕರುವಿನ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಸರ್ರನೆ ಏರುತ್ತದೆ. ಮರಗಟ್ಟಿಸಿದರೆ ಆಗ ಏರುವುದಿಲ್ಲ, ಔಷಧ ಇಳಿದ ಮೇಲೆ ಏರುತ್ತದೆ. ಜೊತೆಗೆ ನೋವಿನ ಔಷಧವೂ ಇದ್ದರೆ ಆ ಎರಡನೇ ಏರಿಕೆಯೂ ತಗ್ಗುತ್ತದೆ.

ವೈದ್ಯರೆಲ್ಲ ಒಂದೇ ಮಾತು ಆಡುತ್ತಾರೆ ಎಂದು ನಾನು ಹೇಳಲಾರೆ. ಬ್ರಿಟನ್ನಿನಲ್ಲಿ ದನದ ವೈದ್ಯರನ್ನು ಕೇಳಿ ಮಾಡಿದ ಒಂದು ದೊಡ್ಡ ಸಮೀಕ್ಷೆ 2006ರಲ್ಲಿ ಪ್ರಕಟವಾಯಿತು. ಒಂದೇ ಕೆಲಸದ ನೋವಿಗೆ ಒಬ್ಬೊಬ್ಬರು ಒಂದೊಂದು ಅಂಕ ಕೊಟ್ಟಿದ್ದರು. ಈಚೆಗೆ ಓದಿ ಬಂದವರ ಅಂಕ ಜಾಸ್ತಿ ಇತ್ತು. ಮರುವರ್ಷ ರೈತರನ್ನು ಕೇಳಿದರು. ಅರ್ಧಕ್ಕಿಂತ ಹೆಚ್ಚು ರೈತರು, ನೋವಿನ ಬಗ್ಗೆ ವೈದ್ಯರು ನಮ್ಮ ಜೊತೆ ಸಾಕಷ್ಟು ಮಾತಾಡುವುದೇ ಇಲ್ಲ ಎಂದರು. ಪುಣೆ ಸುತ್ತಮುತ್ತ ನಾನು ಕಂಡದ್ದೂ ಇದೇ. ರೈತ ದುಡ್ಡು ಕೊಡಲಿಕ್ಕಿಲ್ಲ ಎಂದು ಡಾಕ್ಟರು ಬಾಯಿ ಬಿಡುವುದಿಲ್ಲ. ಬೇಕಿದ್ದರೆ ಡಾಕ್ಟರೇ ಹೇಳುತ್ತಿದ್ದರು ಎಂದು ರೈತ ಕೇಳುವುದಿಲ್ಲ. ನಡುವೆ ಕರು ಒದ್ದಾಡುತ್ತದೆ.

ಇನ್ನೊಂದು ಗೊಂದಲ ನಮ್ಮವರಲ್ಲೇ ಇದೆ. ಜೈಲಜಿನ್ ಎಂಬ ಔಷಧ ಕೊಟ್ಟರೆ ದನ ಮಂಪರಾಗಿ ಮಲಗುತ್ತದೆ. ಮಲಗಿತು, ಇನ್ನು ಕೊಯ್ಯಬಹುದು ಅನ್ನುವವರಿದ್ದಾರೆ. ಮಂಪರು ಬೇರೆ, ಮರಗಟ್ಟುವುದು ಬೇರೆ. ದನ ಮಲಗಿದ್ದರೂ ಆ ಜಾಗಕ್ಕೆ ಲಿಗ್ನೋಕೇನ್ ಹಾಕಲೇಬೇಕು.

ಕಾನೂನೂ ಬದಲಾಗಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದನ್ನು ನಿಗದಿಯಾದ ರೀತಿಯಲ್ಲಿ ಮಾಡಿದರೆ ಹಿಂಸೆ ಅಲ್ಲ ಎಂದು ಹೊರಗಿಟ್ಟಿತ್ತು. ಆ ರೀತಿ ಯಾವುದು ಎಂಬುದಕ್ಕೆ ಕೇಂದ್ರ ಸರ್ಕಾರ 2023ರಲ್ಲಿ ನಿಯಮ ತಂದಿತು. ಬೀಜ ಒಡೆಯುವ ಮುಂಚೆ ಅರಿವಳಿಕೆ ಬೇಕು ಎಂಬುದು ಈಗ ನಿಯಮದಲ್ಲೇ ಇದೆ.

ಪ್ರಶ್ನೆ: ಫೋಂಡಾ ಹತ್ತಿರ ನಾಲ್ಕು ಆಡು ಸಾಕಿದ್ದೇವೆ. ಒಂದು ವಾರದ ಎರಡು ಮರಿ ಇವೆ. ಯೂಟ್ಯೂಬಿನಲ್ಲಿ ಆಡಿನ ಮರಿಗೂ ಕೊಂಬು ಸುಡುವುದನ್ನು ನೋಡಿದೆ. ಮಾಡಿಸಲಾ? (ಓದುಗರು, ಗೋವಾ)

ಉತ್ತರ: ಬೇಡಪ್ಪ. ನಾಲ್ಕು ಆಡಿಗೆ ಯಾಕೆ ಬೇಕು? ಬಿಟ್ಟು ಮೇಯಿಸುವ ಆಡಿಗೆ ಕೊಂಬು ಇರಲಿ. ಮೈಯ ಶಾಖ ಹೊರಹಾಕಲೂ ಅದು ಬೇಕು. ಗೋವಾದ ಸೆಕೆ ನಿಮಗೆ ಗೊತ್ತೇ ಇದೆ.

ಮರಿಯ ತಲೆಬುರುಡೆ ಬಹಳ ತೆಳು. ಕರುವಿಗೆ ಹಿಡಿದಷ್ಟು ಹೊತ್ತು ಕಬ್ಬಿಣ ಹಿಡಿದರೆ ಶಾಖ ಮಿದುಳಿಗೆ ತಟ್ಟುತ್ತದೆ. ಮರಿ ಎರಡು ದಿನ ಮಂಕಾಗಿ, ಆಮೇಲೆ ಸತ್ತದ್ದನ್ನು ನಾನೇ ನೋಡಿದ್ದೇನೆ. ಮರಗಟ್ಟಿಸುವುದೂ ಸುಲಭ ಅಲ್ಲ. ಆಡಿಗೆ ಒಂದೊಂದು ಕೊಂಬಿಗೆ ಎರಡು ನರ. ಲಿಗ್ನೋಕೇನ್ ಸ್ವಲ್ಪ ಹೆಚ್ಚಾದರೂ ಮರಿ ಫಿಟ್ಸ್ ಬಂದು ಬೀಳುತ್ತದೆ. ಮೂರು ಕೆಜಿ ಮರಿಗೆ 2 ಪರ್ಸೆಂಟ್ ಔಷಧ ನಾಲ್ಕೂ ಜಾಗ ಸೇರಿ ಒಂದು ಎಂಎಲ್ ಕೂಡ ಮುಟ್ಟಬಾರದು. ತೆಳು ಮಾಡಿ, ಅಳೆದು ಹಾಕಬೇಕು. ಇಕ್ಕಟ್ಟಿನಲ್ಲಿ ನೂರಾರು ಆಡು ಕಟ್ಟುವವರಿಗೆ ಬೇಕಾದರೆ ಅನುಭವ ಇರುವ ಡಾಕ್ಟರು ಮಾಡಲಿ. ನೀವು ಆ ವಿಡಿಯೋ ಮರೆತುಬಿಡಿ.

ಪ್ರಶ್ನೆ: ಎಮ್ಮೆಗೆ ಗುರುತಿನ ಕಿವಿಯೋಲೆ ಹಾಕಿದಾಗ ಜಿಗಿಯಿತು. ಅದಕ್ಕೂ ಮರಗಟ್ಟಿಸಬೇಕಾ? ಗೊರಸು ಕತ್ತರಿಸುವಾಗ? ನಾನು ಆರೇ ಕಾಲನಿಯ ಒಂದು ತಬೇಲದಲ್ಲಿ ಲೆಕ್ಕ ಬರೆಯುತ್ತೇನೆ. (ಓದುಗರು, ಗೋರೆಗಾಂವ್, ಮುಂಬೈ)

ಉತ್ತರ: ಹನ್ನೆರಡು ಅಂಕಿಯ ಕಿವಿಯೋಲೆಗೆ ಬೇಡ. ನಮ್ಮ ಕಿವಿ ಚುಚ್ಚಿದ ಹಾಗೆ ಅದು. ಇಕ್ಕಳ ಹರಿತ ಇರಲಿ, ರಕ್ತನಾಳ ತಪ್ಪಿಸಿ ಕಿವಿಯ ನಡುಭಾಗಕ್ಕೆ ಹಾಕಲಿ.

ಆರೋಗ್ಯದ ಗೊರಸನ್ನು ಹೆರೆಯುವುದು ಉಗುರು ಕತ್ತರಿಸಿದ ಹಾಗೆ. ನೋವಿಲ್ಲ. ಆದರೆ ಎಮ್ಮೆ ಕುಂಟುತ್ತಿದ್ದು, ಅಂಗಾಲಿನಲ್ಲಿ ಹುಣ್ಣು ಇದ್ದು, ಅದನ್ನು ಕೆರೆದು ತೆಗೆಯಬೇಕು ಅಂದರೆ ಉಗುರಿನಡಿಯ ಹಸಿ ಮಾಂಸ ಕೊಯ್ದ ಹಾಗೆ. ಆಗ ಕಾಲಿಗೆ ರಬ್ಬರ್ ಪಟ್ಟಿ ಬಿಗಿದು, ಅದರ ಕೆಳಗಿನ ರಕ್ತನಾಳಕ್ಕೆ ಲಿಗ್ನೋಕೇನ್ ಕೊಡುತ್ತಾರೆ. ಪಾದ ಪೂರ್ತಿ ಮರಗಟ್ಟುತ್ತದೆ. ನಿಮ್ಮ ತಬೇಲದಲ್ಲಿ ಗೊರಸಿನವನು ಬಂದಾಗ ರಕ್ತ ಕಂಡರೆ ಅಲ್ಲಿಗೇ ನಿಲ್ಲಿಸಲು ಹೇಳಿ. ಅಲ್ಲಿಂದ ಮುಂದೆ ಡಾಕ್ಟರ ಕೆಲಸ. ಲೆಕ್ಕ ಬರೆಯುವವರು ನೀವೇ ಆದ್ದರಿಂದ ಇನ್ನೊಂದು ಮಾತು: ಕುಂಟುವ ಎಮ್ಮೆಯ ಹಾಲು ಎಷ್ಟು ಇಳಿಯಿತು ಎಂದು ನಿಮ್ಮ ಪುಸ್ತಕದಲ್ಲೇ ಇರುತ್ತದೆ. ಮಾಲೀಕರಿಗೆ ಆ ಪುಟ ತೋರಿಸಿ.

ಪ್ರಶ್ನೆ: ಮನೆಯಲ್ಲಿ ಮಂಡಿನೋವಿಗೆ ತಂದ ಡೈಕ್ಲೋಫೆನಾಕ್ ಇಂಜೆಕ್ಷನ್ ಉಳಿದಿದೆ. ಊರಿಗೆ ಹೋದಾಗ ದನಕ್ಕೆ ಹಾಕಬಹುದೇ? ನೋವಿನ ಔಷಧ ತಾನೇ? (ಓದುಗರು, ಠಾಣೆ)

ಉತ್ತರ: ದಯವಿಟ್ಟು ಹಾಕಬೇಡಿ. 2006ರಿಂದ ದನಗಳಿಗೆ ಡೈಕ್ಲೋಫೆನಾಕ್ ನಿಷೇಧ. ಅದನ್ನು ಹಾಕಿಸಿಕೊಂಡ ದನ ಸತ್ತರೆ, ಅದರ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ, ಕೆಲವೇ ದಿನದಲ್ಲಿ ಸಾಯುತ್ತದೆ. ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹೀಗೆ ಹೋದವು. ಮಲಬಾರ್ ಹಿಲ್ಲಿನ ಡೂಂಗರ್‌ವಾಡಿಯಲ್ಲಿ ಪಾರ್ಸಿಗಳು ತೀರಿಹೋದ ತಮ್ಮವರನ್ನು ಹದ್ದುಗಳಿಗೆ ಒಪ್ಪಿಸುತ್ತಿದ್ದರು. ಆ ಹದ್ದುಗಳೇ ಇಲ್ಲವಾದಾಗ ಅವರು ಪಟ್ಟ ಸಂಕಟ ಮುಂಬೈಯವರಿಗೆ ಗೊತ್ತು. ನಮ್ಮ ರಾಮನಗರದ ಬೆಟ್ಟದಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ದನಗಳಿಗೆ ನಿಷೇಧವಾದವು. ಆಮೇಲೆ ನಿಮೆಸುಲೈಡ್ ಕೂಡ.

ನೋವಿಗೆ ಔಷಧ ಕೊಡಿ ಎಂದು ಇಷ್ಟು ಹೊತ್ತು ಹೇಳಿದ ನಾನೇ ಇದನ್ನೂ ಹೇಳಬೇಕು. ಮೆಲಾಕ್ಸಿಕ್ಯಾಮ್ ಕೇಳಿ. ಅದು ರಣಹದ್ದಿಗೆ ಅಪಾಯ ಇಲ್ಲ. ಹಾಲು ಕರೆಯುವ ಆಕಳಿಗೆ ಕೊಟ್ಟರೆ ಎಷ್ಟು ದಿನ ಹಾಲು ಮಾರಬಾರದು ಎಂದು ಬಾಟಲಿ ಮೇಲೆ ಬರೆದಿರುತ್ತದೆ. ಅದನ್ನು ಪಾಲಿಸಿ.

ಪ್ರಶ್ನೆ: ಇಂಡಿ ತಾಲ್ಲೂಕಿನಲ್ಲಿ ಅಪ್ಪ ಒಂದು ಖಿಲಾರಿ ಹೋರಿ ಸಾಕಿದ್ದಾರೆ. ಎರಡು ವರ್ಷ ತುಂಬಿದೆ. ಬೀಜ ಒಡೆಸಿ ಗಳೇವಿಗೆ (ಉಳುಮೆಗೆ) ಹೂಡಬೇಕು ಅಂತಾರೆ. ಊರಲ್ಲಿ ಒಬ್ಬರು ಕಲ್ಲಿನಿಂದ ಜಜ್ಜಿ ಮಾಡುತ್ತಾರೆ. ಚಿಕ್ಕವನಿದ್ದಾಗ ಅದನ್ನು ನೋಡಿ ನಾನು ಊಟ ಬಿಟ್ಟಿದ್ದೆ. ಡೊಂಬಿವಲಿಯಲ್ಲಿ ಕೂತು ಅಪ್ಪನಿಗೆ ಏನು ಹೇಳಲಿ? (ಓದುಗರು, ಡೊಂಬಿವಲಿ)

ಉತ್ತರ: ಅಪ್ಪನಿಗೆ ಮೊದಲು ಇದನ್ನು ಹೇಳಿ: ಎತ್ತು ಚೆನ್ನಾಗಿ ಉಣ್ಣಬೇಕು, ಮನುಷ್ಯರ ಕೈಗೆ ಹೆದರಬಾರದು. ಖಿಲಾರಿ ಮೊದಲೇ ಸಿಟ್ಟಿನ ಜಾತಿ. ಹಿಂದಿನಿಂದ ಯಾರು ಬಂದರೂ ಒದೆಯುವ ಎತ್ತು ಅವರಿಗೂ ಬೇಡ. ಹೋರಿಯ ಮೇಲೆ ಅವರಿಗೆ ನಿಮಗಿಂತ ಪ್ರೀತಿ ಜಾಸ್ತಿಯೇ ಇರುತ್ತದೆ. ಆ ಪ್ರೀತಿಯ ಕಡೆಯಿಂದಲೇ ಮಾತು ಶುರು ಮಾಡಿ.

ಕಲ್ಲು ಬೇಡವೇ ಬೇಡ. ಪಶು ಆಸ್ಪತ್ರೆಯಲ್ಲಿ ಬರ್ಡಿಜೊ ಎಂಬ ದೊಡ್ಡ ಇಕ್ಕಳ ಇರುತ್ತದೆ. ಚರ್ಮ ಕೊಯ್ಯದೆ, ಒಳಗಿನ ಹುರಿಯನ್ನಷ್ಟೇ ನಜ್ಜಿಸುತ್ತದೆ. ರಕ್ತ ಬರದ್ದರಿಂದ ನೋವೂ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಎರಡೂ ಹುರಿಗೆ ಮತ್ತು ಚೀಲದ ಕತ್ತಿಗೆ ಲಿಗ್ನೋಕೇನ್ ಹಾಕಬೇಕು. ಹತ್ತು ನಿಮಿಷ ಕಾಯಬೇಕು. ಮೆಲಾಕ್ಸಿಕ್ಯಾಮ್ ಕೊಡಬೇಕು. ಆಮೇಲೆ ಒಂದೊಂದೇ ಬದಿ, ಇಕ್ಕಳ ಒತ್ತಿದ ಎರಡು ಗೆರೆಯೂ ಕೂಡದ ಹಾಗೆ, ಸ್ವಲ್ಪ ಮೇಲೆ ಕೆಳಗೆ ಮಾಡಿ ಒತ್ತಬೇಕು. ಕೆಲವು ದಿನ ಬಾವು ಇರುತ್ತದೆ. ಒಂದೂವರೆ ತಿಂಗಳಲ್ಲಿ ಬೀಜ ಸೊರಗುತ್ತದೆ, ಅಲ್ಲಿಯವರೆಗೆ ಆಕಳುಗಳಿಂದ ದೂರ ಕಟ್ಟಲಿ. ಇನ್ನೂ ಚಿಕ್ಕದಿದ್ದಾಗ ಮಾಡಿಸಿದ್ದರೆ ಇಷ್ಟು ನೋವೂ ಇರುತ್ತಿರಲಿಲ್ಲ. ಹೆಗಲು, ಕತ್ತು ತುಂಬಲಿ ಎಂದು ನಮ್ಮ ಕಡೆ ಕಾಯುತ್ತಾರೆ, ನನಗೂ ಗೊತ್ತು. ಮುಂದಿನ ಹೋರಿಗೆ ಬೇಗ ಮಾಡಿಸಲು ಹೇಳಿ.

ಮಳೆ ಮುಗಿದು ನೊಣ ಕಡಿಮೆಯಾದ ಮೇಲೆ ಮಾಡಿಸಿ, ಬೆಳಗಿನ ತಂಪಿನಲ್ಲಿ. ಆದರೆ ಆ ಎರಡು ದಿನ ರಜೆ ಹಾಕಿ ಊರಿಗೆ ಹೋಗಿ. ಅಪ್ಪನ ಜೊತೆ ನೀವೂ ಕೊಟ್ಟಿಗೆಯಲ್ಲಿರಿ. ಡಾಕ್ಟರು ಸೂಜಿ ತೆಗೆದಾಗ ಗಡಿಯಾರ ನೋಡಿಕೊಳ್ಳುವ ಕೆಲಸ ನಿಮ್ಮದು.